ಮನೆಯಲ್ಲೇ ಓದುವ ಮಗುವಿಗೆ ಪಠ್ಯಕ್ರಮ ಆರಿಸುವುದು ಹೇಗೆ: ಕಾಸರಗೋಡಿನ ಕನ್ನಡ ಮನೆಗಳಿಗೆ

ಮಗುವನ್ನು ಮನೆಯಲ್ಲೇ ಓದಿಸಲು ತೀರ್ಮಾನಿಸಿದವರು ಸಾಮಾನ್ಯವಾಗಿ ಪುಸ್ತಕಗಳ ಹುಡುಕಾಟದಿಂದ ಆರಂಭಿಸುತ್ತಾರೆ. ಆದರೆ ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡಿ, ಪೇಟೆಯಲ್ಲಿ ಮಲಯಾಳ ಕೇಳಿ, ಕನ್ನಡದಲ್ಲಿ ಅಕ್ಷರ ಕಲಿತು, ಮುಂದಿನ ವ್ಯಾಸಂಗಕ್ಕೆ ಇಂಗ್ಲಿಷನ್ನು ನೆಚ್ಚಬೇಕಾದ ಕಾಸರಗೋಡಿನ ಮಗುವಿನ ಮಟ್ಟಿಗೆ, ಹತ್ತನೆಯ ತರಗತಿಯ ಪರೀಕ್ಷೆಯನ್ನು ಅದು ಎಲ್ಲಿ, ಯಾವ ಭಾಷೆಯಲ್ಲಿ ಬರೆಯಲಿದೆ ಎಂಬುದನ್ನು ಮೊದಲು ಯೋಚಿಸಿಕೊಳ್ಳುವುದು ಒಳ್ಳೆಯದು. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಪುಸ್ತಕಗಳ ಆಯ್ಕೆ ಬಹಳಷ್ಟು ಸುಲಭವಾಗುತ್ತದೆ.

ಕಾನೂನಿನ ವಿಷಯ ಚಿಕ್ಕದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಮನೆಶಿಕ್ಷಣಕ್ಕೆಂದು ಅದರಲ್ಲಿ ಪ್ರತ್ಯೇಕ ವ್ಯವಸ್ಥೆಯಿಲ್ಲ, ಪೋಷಕರಿಗೆ ದಂಡನೆಯೂ ಇಲ್ಲ. ಶಾಲೆಯ ಹೊರಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂಬ ನಿಯಮವೂ ಅದೇ ಕಾಯ್ದೆಯಲ್ಲಿದೆ. ಹಿಂದಿರುಗುವ ದಾರಿ ತೆರೆದಿದೆಯೆಂಬುದು ಹೊಸಬರಿಗೆ ಸಮಾಧಾನ ಕೊಡಬಹುದು.

ಪರೀಕ್ಷೆಗೆ ಹೆಚ್ಚಿನವರು ಆರಿಸುವುದು 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯನ್ನು, ಅಂದರೆ ಎನ್‌ಐಒಎಸ್ ಅನ್ನು. ಅದರ ಸೆಕೆಂಡರಿ ಪರೀಕ್ಷೆಗೆ, ಅಂದರೆ ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆಗೆ, ಕನಿಷ್ಠ 14 ವರ್ಷವಾಗಿರಬೇಕು. ಒಂದು ಭಾಷೆಯೂ ಸೇರಿದಂತೆ ಕನಿಷ್ಠ 5 ವಿಷಯಗಳನ್ನು ಆರಿಸಿಕೊಳ್ಳಬೇಕು. ಕನ್ನಡ ಅಲ್ಲಿ ಒಂದು ಭಾಷಾ ವಿಷಯವಾಗಿದೆ. ಉಳಿದ ವಿಷಯಗಳನ್ನು ಬರೆಯುವ ಮಾಧ್ಯಮ ಯಾವುದೆಂಬುದನ್ನು ನೋಂದಣಿಗೆ ಮೊದಲೇ ಖಚಿತಪಡಿಸಿಕೊಳ್ಳಬೇಕು. ಗಣಿತವನ್ನೂ ವಿಜ್ಞಾನವನ್ನೂ ಬಿಟ್ಟು ತೇರ್ಗಡೆಯಾಗಲು ಇಲ್ಲಿ ಅವಕಾಶವಿದೆ. ಈ ಸ್ವಾತಂತ್ರ್ಯ ಕೆಲವು ಮಕ್ಕಳಿಗೆ ವರವೇ ಆದರೂ, ಹದಿಮೂರನೆಯ ವಯಸ್ಸಿನ ಬೇಸರವನ್ನು ನಂಬಿ ಗಣಿತವನ್ನು ಕೈಬಿಟ್ಟರೆ ಪ್ಲಸ್ ವನ್ (ಹನ್ನೊಂದನೆಯ ತರಗತಿ) ವಿಜ್ಞಾನ ವಿಭಾಗದ ಬಾಗಿಲು ಮುಚ್ಚೀತು ಎಂಬುದನ್ನು ಮರೆಯಬಾರದು.

ಇನ್ನು ಪುಸ್ತಕಗಳು. ಕೇರಳದಲ್ಲಿ ಶಾಲಾ ಪಠ್ಯ ರೂಪಿಸುವ ರಾಜ್ಯ ಸಂಸ್ಥೆಯಾದ ಎಸ್‌ಸಿಇಆರ್‌ಟಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಅವು ಕೇರಳದ ‘ಸಮಗ್ರ’ ಎಂಬ ಶಾಲಾ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. 2024-25ರಲ್ಲಿ 1, 3, 5, 7 ಮತ್ತು 9ನೆಯ ತರಗತಿಗಳ, ಮರುವರ್ಷ ಉಳಿದ ತರಗತಿಗಳ ಪುಸ್ತಕಗಳು ಬದಲಾದುದರಿಂದ, ಅಣ್ಣನೋ ಅಕ್ಕನೋ ಓದಿಟ್ಟ ಹಳೆಯ ಪ್ರತಿ ಹೊಸ ಪಠ್ಯಕ್ಕೆ ಹೊಂದುವುದಿಲ್ಲ. ಕರ್ನಾಟಕದ ಪಠ್ಯಪುಸ್ತಕಗಳೂ ರಾಷ್ಟ್ರಮಟ್ಟದ ಪಠ್ಯ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಪುಸ್ತಕಗಳೂ ಇದೇ ರೀತಿ ಉಚಿತವಾಗಿ ದೊರೆಯುತ್ತವೆ. ನನ್ನ ಅಭಿಪ್ರಾಯದಲ್ಲಿ ಒಂದೇ ಕಂತೆಗೆ ಅಂಟಿಕೊಳ್ಳುವ ಅಗತ್ಯವಿಲ್ಲ. ಭಾಷೆಗೆ ಕರ್ನಾಟಕದ ಪುಸ್ತಕವನ್ನೂ, ಗಣಿತ ಮತ್ತು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿಯನ್ನೂ, ನಾಡಿನ ಪರಿಚಯಕ್ಕೆ ಕೇರಳದ ಪುಸ್ತಕವನ್ನೂ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ, ಎಂಟನೆಯ ತರಗತಿಯ ಹೊತ್ತಿಗೆ ಪರೀಕ್ಷೆಯ ಪಠ್ಯದತ್ತ ಹೊರಳಿಕೊಂಡರೆ ಸಾಕು. ಸಾವಿರಾರು ರೂಪಾಯಿಯ ಸಿದ್ಧ ಪ್ಯಾಕೇಜುಗಳನ್ನು, ಅದರಲ್ಲೂ ವರ್ಷದ ಶುಲ್ಕವನ್ನು ಮುಂಗಡವಾಗಿ ಕೇಳುವವನ್ನು, ಆರಂಭದಲ್ಲೇ ಕೊಳ್ಳಬೇಡಿ.

ಪುಸ್ತಕ ಹೊಂದುತ್ತದೆಯೇ ಎಂಬುದನ್ನು ಮಗುವಿನಿಂದಲೇ ತಿಳಿಯಬೇಕು. ಉದಾಹರಣೆಗೆ ದಶಮಾಂಶದ ಅಧ್ಯಾಯವನ್ನು ಎರಡು ಮೂರು ಪುಸ್ತಕಗಳಿಂದ ತೆಗೆದುಕೊಂಡು, ಒಂದೊಂದನ್ನು ಒಂದು ವಾರ ಕಲಿಸಿ, ಮಗು ಎಲ್ಲಿ ತಾನಾಗಿ ಮುಂದಿನ ಪುಟ ತಿರುಗಿಸುತ್ತದೆ, ಎಲ್ಲಿ ನೀರು ಕುಡಿಯಲು ಏಳುತ್ತದೆ ಎಂದು ಗಮನಿಸಿ. ಓದಿ ತಿಳಿಯುವ ಮಗುವಿಗೆ ವಿವರಣೆ ದಟ್ಟವಾಗಿರುವ ಪುಸ್ತಕ ಒಗ್ಗುತ್ತದೆ; ಕೈಯಲ್ಲಿ ಮಾಡಿ ತಿಳಿಯುವ ಮಗುವಿಗೆ ಅದೇ ಪುಸ್ತಕ ಹೊರೆ. ಅಂತಹ ಮಗುವಿಗೆ ನಮ್ಮೂರಿನಲ್ಲಿ ಸಾಮಗ್ರಿಗೇನೂ ಬರವಿಲ್ಲ: ಜಾಗವನ್ನು ಸೆಂಟ್ಸ್ ಲೆಕ್ಕದಲ್ಲಿ ಅಳೆಯುವ ನಮ್ಮಲ್ಲಿ, 100 ಸೆಂಟ್ಸ್ ಒಂದು ಎಕರೆಯೆಂದು ಬಲ್ಲ ಹುಡುಗಿಗೆ 40 ಸೆಂಟ್ಸ್ ಅಡಿಕೆ ತೋಟವೆಂದರೆ 0.4 ಎಕರೆಯೆಂದು ವಿವರಿಸಲು ಬಹಳ ಮಾತು ಬೇಕಾಗುವುದಿಲ್ಲ. ಇಂತಹ ಚಟುವಟಿಕೆಗೆ ಎಡೆಗೊಡದಷ್ಟು ಬಿಗಿಯಾದ ವೇಳಾಪಟ್ಟಿಯನ್ನು ಹೇರುವ ಪಠ್ಯಕ್ರಮವನ್ನು ನಾನಂತೂ ಆರಿಸಲಾರೆ.

ಭಾಷೆಗಳ ಕ್ರಮದಲ್ಲಿ ಆತುರ ಸಲ್ಲದು. ಕನ್ನಡದಲ್ಲಿ ಓದು ಸರಾಗವಾದ ಮೇಲೆ ಇಂಗ್ಲಿಷ್ ಓದನ್ನು ಬಲಪಡಿಸಿ, ಗಣಿತ ಮತ್ತು ವಿಜ್ಞಾನದ ಪರಿಭಾಷೆಯನ್ನು ಐದನೆಯ ತರಗತಿಯಿಂದ ಎರಡೂ ಭಾಷೆಗಳಲ್ಲಿ ಪರಿಚಯಿಸುತ್ತ ಹೋಗಬಹುದು. ಮಲಯಾಳವನ್ನು ಪರೀಕ್ಷೆಗೆ ಬೇಡವೆಂದು ಬಿಡುವ ಮನೆಗಳುಂಟು. ಆದರೆ ಬಸ್ಸಿನ ಬೋರ್ಡನ್ನೂ ಪಂಚಾಯತಿನ ಅರ್ಜಿಯನ್ನೂ ಓದಲಾರದ ಮಗು ಬೆಳೆದ ಮೇಲೆ ತನ್ನ ಊರಿನಲ್ಲೇ ಇನ್ನೊಬ್ಬರನ್ನು ಆಶ್ರಯಿಸಬೇಕಾಗುತ್ತದೆ.

ಆರಿಸಿದ ಮೇಲೆ ಒಂದು ಅವಧಿಯಾದರೂ, ಅಂದರೆ ಜೂನ್‌ನಿಂದ ಓಣಂ ರಜೆಯವರೆಗೆ, ಬದಲಿಸದೆ ನಡೆಸಿ. ಕಲಿತ ಪಾಠಗಳ ದಿನಾಂಕ, ಬರೆದ ಪುಸ್ತಕ, ಮಾಡಿದ ಚಟುವಟಿಕೆಯ ಚಿತ್ರಗಳನ್ನು ಒಂದು ಕಡತದಲ್ಲಿ ಇಡಿ. ಮುಂದೆ ಶಾಲೆಗೆ ಸೇರಿಸುವುದಾದರೆ ಯಾವ ತರಗತಿಗೆ ಎಂಬ ಮಾತುಕತೆಯಲ್ಲಿ ಮುಖ್ಯೋಪಾಧ್ಯಾಯರ ಮುಂದಿಡಲು ಅದು ನೆರವಾಗುತ್ತದೆ.