ಲೆನ್ಸ್ ಬದಲಿಸಿ ಕೋಣೆ ಕುಗ್ಗಿಸಿದ್ದು: ನನ್ನ ಥ್ರಿಲ್ಲರ್ ಅನುಭವ

ಸಿನಿಮಾ ಮುಂದೆ ಹೋದ ಹಾಗೆ ಲೆನ್ಸ್ ಬದಲಿಸುತ್ತಾ, ಅದೇ ಕೋಣೆ ಕುಗ್ಗುತ್ತಿರುವಂತೆ ತೋರಿಸಬೇಕು ಎಂದುಕೊಂಡಿದ್ದೆ. ಸಿನಿಮಾ ಮುಗಿಯಿತು, ಜನ ನೋಡಿದರು, ನಾನು ಅಂದುಕೊಂಡಿದ್ದೇ ಆಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. "ಇದು ಯಾರ ಕಣ್ಣಿಗೂ ಬೀಳಲ್ಲ, ಸುಮ್ನೆ ದುಡ್ಡು ದಂಡ" ಎಂದು ಹೇಳದವರು ನಮ್ಮ ಯೂನಿಟ್‌ನಲ್ಲಿ ಇರಲಿಲ್ಲ. ಕ್ಯಾಮೆರಾಮನ್ ಹೇಳಿದರು, ಪ್ರೊಡ್ಯೂಸರ್ ಹೇಳಿದರು. ಎಡಿಟರ್ ಅಂತೂ ಕೊನೆ ತನಕ ಹೇಳುತ್ತಲೇ ಇದ್ದರು.

ಕಥೆ ಚಿಕ್ಕದು. ಮೇಲಿನ ಮನೆಯ ಹೆಂಗಸು ಕೆಲಸದ ಮೇಲೆ ಆಗಾಗ ಊರು ಬಿಟ್ಟು ಹೋಗುತ್ತಾಳೆ. ಗಿಡಗಳಿಗೆ ನೀರು ಹಾಕಲಿ ಎಂದು ಕೆಳಗಿನ ಮನೆಯವನ ಕೈಗೆ ಬೀಗದ ಕೈ ಕೊಟ್ಟು ಹೋಗುತ್ತಾಳೆ. ಅವನು ಮೊದಲ ಸಲ ನೀರು ಹಾಕಿ, ಬಾಗಿಲು ಎಳೆದುಕೊಂಡು ಬರುತ್ತಾನೆ. ಎರಡನೇ ಸಲ ಉದುರಿದ ಎಲೆ ಆರಿಸುತ್ತಾನೆ. ಮೂರನೇ ಸಲ ಅವಳ ಕುರ್ಚಿಯಲ್ಲಿ ಕೂರುತ್ತಾನೆ. ಹೀಗೆ ಒಟ್ಟು ಏಳು ಸಲ ಒಳಗೆ ಹೋಗುತ್ತಾನೆ. ಚಾಕು ಇಲ್ಲ, ಕಿರುಚಾಟ ಇಲ್ಲ, ಕತ್ತಲಲ್ಲಿ ಬೆನ್ನಟ್ಟುವುದಿಲ್ಲ. ಅದೇ ಕೋಣೆ, ಅದೇ ಕಿಟಕಿ, ಅದೇ ಮುಖ. ಭಯ ಅಲ್ಲಿಂದಲೇ ಬರಬೇಕು ಎಂಬುದು ನನ್ನ ಹಟ.

ಡಾಲಿ ಜೂಮ್ ಗೊತ್ತಲ್ವಾ? ಕ್ಯಾಮೆರಾ ಒಂದು ಕಡೆ ಸರಿಯುವಾಗಲೇ ಜೂಮ್ ಅದಕ್ಕೆ ಉಲ್ಟಾ ಹೋಗುವುದು. 1958ರ 'ವರ್ಟಿಗೋ'ದಲ್ಲಿ ಮೆಟ್ಟಿಲಿನ ಮೇಲಿಂದ ಕೆಳಗೆ ನೋಡಿದಾಗ ಆಳ ಹಿಗ್ಗಿದಂತೆ ಕಾಣುವ ಶಾಟ್. ಆಮೇಲೆ ಎಲ್ಲರೂ ಅದನ್ನು ಬಳಸಿ ಬಳಸಿ ಸವೆಸಿಬಿಟ್ಟರು. ಈಗ ಒಂದು ಶಾಟ್‌ನಲ್ಲಿ ಅದು ಬಂದರೆ ನೋಡುವವರಿಗೆ ಕ್ಯಾಮೆರಾ ಕಾಣುತ್ತದೆ, ಪಾತ್ರ ಕಾಣುವುದಿಲ್ಲ. ನಾನು ಯೋಚಿಸಿದ್ದು, ಅದನ್ನೇ ಇಡೀ ಸಿನಿಮಾಕ್ಕೆ ಹರಡಿದರೆ ಹೇಗೆ ಎಂದು. ಶಾಟ್ ಒಳಗೆ ಏನೂ ಅಲುಗಾಡುವುದಿಲ್ಲ. ಒಂದು ಭೇಟಿಯಿಂದ ಇನ್ನೊಂದು ಭೇಟಿಗೆ ಲೆನ್ಸ್ ಉದ್ದವಾಗುತ್ತದೆ, ಕ್ಯಾಮೆರಾ ಅಷ್ಟೇ ಹಿಂದೆ ಸರಿಯುತ್ತದೆ. ಅವನ ಮುಖ ಫ್ರೇಮ್‌ನಲ್ಲಿ ಮೊದಲಿನಷ್ಟೇ ದೊಡ್ಡದು. ಹಿಂದಿನ ಕಿಟಕಿ, ಕಪಾಟು, ಅವಳ ಫೋಟೋ ಮಾತ್ರ ಬರಬರುತ್ತಾ ಇನ್ನಷ್ಟು ದೊಡ್ಡದಾಗಿ ಅವನ ಬೆನ್ನಿಗೆ ಬಂದು ಅಂಟುತ್ತವೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೊದಲ ಭೇಟಿ 35 ಎಂಎಂ ಲೆನ್ಸ್ (ಈ ಅಂಕಿ ಹೆಚ್ಚಿದಷ್ಟೂ ಲೆನ್ಸ್ ಉದ್ದ), ಕಣ್ಣಿನಿಂದ ಕ್ಯಾಮೆರಾಗೆ ಸುಮಾರು 1.2 ಮೀಟರ್. 50ಕ್ಕೆ ಬಂದಾಗ 1.7. 85ರಲ್ಲಿ ಹತ್ತಿರ ಹತ್ತಿರ 2.9. ಕೊನೆಯ ಭೇಟಿ 135, ದೂರ 4.6. ನಡುವಿನ ಹಂತಗಳನ್ನು ಹೇಳುವುದಿಲ್ಲ. ಎರಡು ಕಡೆ ಮಾತ್ರ ಬೇಕೆಂದೇ ಹಿಂದಿನ ಚಿಕ್ಕ ಲೆನ್ಸಿಗೆ ಹೋಗಿದ್ದೇನೆ. ಎಲ್ಲಿ, ಯಾಕೆ ಎನ್ನುವುದು ನನ್ನ ಮುಂದಿನ ಸಿನಿಮಾಕ್ಕೂ ಬೇಕು.

ಇದಕ್ಕೆ ಮೊದಲು ಮಾಡಿ ಬಿಟ್ಟಿದ್ದೂ ಇದೆ. ಫ್ರೇಮಿನ ಅಗಲವನ್ನೇ ಸ್ವಲ್ಪ ಸ್ವಲ್ಪ ಕಿರಿದು ಮಾಡಿ ನೋಡಿದೆ. ಪಕ್ಕದ ಕಪ್ಪು ಪಟ್ಟಿ ಎಲ್ಲರಿಗೂ ತಕ್ಷಣ ಕಂಡಿತು. ಬಣ್ಣ ತೆಗೆಯುತ್ತಾ ಹೋದೆ. ಬೇರೆ ಬೇರೆ ದಿನ ತೆಗೆದ ಶಾಟ್‌ಗಳು ಮ್ಯಾಚ್ ಆಗಿಲ್ಲವೇನೋ ಎನ್ನುವಂತೆ ಕಂಡಿತು, ಅಷ್ಟೇ. ನಟನಿಗೆ ಕಣ್ಣು ಮಿಟುಕಿಸಬೇಡಿ ಎಂದು ಹೇಳಿ ಒಂದಿಡೀ ದಿನ ಶೂಟ್ ಮಾಡಿದೆವು. ನಾವು ಮಾಮೂಲಿಯಾಗಿ ನಿಮಿಷಕ್ಕೆ 15-20 ಸಲ ಮಿಟುಕಿಸುತ್ತೇವೆ. ಅದನ್ನು ತಡೆದರೆ ಕಣ್ಣಲ್ಲಿ ನೀರು ತುಂಬುತ್ತದೆ, ಪಾಪ ಅಳುತ್ತಿದ್ದಾನೆ ಅನಿಸುತ್ತದೆ. ಆ ದಿನದ ಬಾಡಿಗೆ, ಬೇಟಾ (ದಿನಭತ್ಯೆ) ಎಲ್ಲಾ ನೀರಿಗೆ ಹೋಯಿತು. ಅದರಿಂದ ಉಳಿದದ್ದು ಒಂದೇ. ಅವಳು ಮಾತು ಮುಗಿಸಿದ ಕ್ಷಣಕ್ಕೇ ಅವನು ಮಿಟುಕಿಸಬೇಕು ಎಂದು ಆಮೇಲೆ ಹೇಳಿಕೊಟ್ಟೆ. ಇದು ಚೆನ್ನಾಗಿ ಕೂತಿತು. ಅವನು ಅವಳ ಮಾತನ್ನು ಕೇಳುತ್ತಿಲ್ಲ, ನುಂಗುತ್ತಿದ್ದಾನೆ ಅನಿಸುತ್ತದೆ.

ಈಗ ದೊಡ್ಡ ಪೆಟ್ಟಿನ ವಿಷಯ. ನಾವು ಹಿಡಿದಿದ್ದ ಫ್ಲ್ಯಾಟಿನ ಕೋಣೆ 85ರ ತನಕ ಸಾಕಾಯಿತು. 135ಕ್ಕೆ ಕ್ಯಾಮೆರಾ, ಆಪರೇಟರ್ ಎಲ್ಲಾ ಸೇರಿ ಐದೂವರೆ ಮೀಟರ್ ಬೇಕು. ಹಿಂದೆ ಗೋಡೆ. ಆಗ ಒಬ್ಬೊಬ್ಬರದು ಒಂದೊಂದು ಸಲಹೆ. 4ಕೆಯಲ್ಲಿ (ತುಂಬಾ ವಿವರ ಹಿಡಿಯುವ ಗುಣಮಟ್ಟದಲ್ಲಿ) ತೆಗೆದಿದ್ದೀವಲ್ಲ, ಅದೇ ಶಾಟಿನ ಅಂಚು ಕತ್ತರಿಸಿ ಹಿಗ್ಗಿಸಿ, ಅಂದರೆ ಕ್ರಾಪ್ ಮಾಡಿ ಎಂದರು. ಕ್ರಾಪ್ ಮಾಡಿದರೆ ಮುಖವೂ ಕಿಟಕಿಯೂ ಒಟ್ಟಿಗೇ ದೊಡ್ಡದಾಗುತ್ತವೆ. ಹಿಂದಿನದು ಮುಂದೆ ಬರಬೇಕಾದರೆ ಕ್ಯಾಮೆರಾನೇ ದೂರ ಹೋಗಬೇಕು, ಬೇರೆ ದಾರಿ ಇಲ್ಲ. ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಎರಡನ್ನೂ ತೆಗೆದು ಮಾನಿಟರ್‌ನಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದೆ. ಕ್ಯಾಮೆರಾಮನ್ ಆ ದಿನದಿಂದ ನನ್ನ ಕಡೆ.

ಕೊನೆಯ ಎರಡು ಭೇಟಿಗೆ ಒಂದು ಹಾಲ್ ಬಾಡಿಗೆಗೆ ಹಿಡಿದು ಕೋಣೆಯ ಮೂರು ಗೋಡೆ ಕಟ್ಟಿದೆವು. ಗೋಡೆಯ ಬಣ್ಣ ಫ್ಲ್ಯಾಟಿನದಕ್ಕೆ ಹೊಂದುವ ತನಕ ಮತ್ತೆ ಮತ್ತೆ ಬಳಿಸಿದ್ದೇ ಆಯಿತು. ಆರ್ಟ್ ಡಿಪಾರ್ಟ್‌ಮೆಂಟಿನ ಅರ್ಧದಷ್ಟು ದುಡ್ಡು ಈ ಗೋಡೆಗಳೇ ತಿಂದವು. ಅದನ್ನು ಸರಿದೂಗಿಸಲು ಮೆಟ್ಟಿಲ ಮೇಲಿನ ಓಟದ ಸೀನ್ ಕೈಬಿಟ್ಟೆ. ಸ್ಕ್ರಿಪ್ಟ್ ಓದಿದವರೆಲ್ಲ ಮೆಚ್ಚಿದ್ದ ಒಂದೇ ಆಕ್ಷನ್ ಅದು. ಪ್ರೊಡ್ಯೂಸರ್ ನನ್ನ ಜೊತೆ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಲೈಟಿನ ಖರ್ಚು ಬೇರೆ. ಉದ್ದದ ಲೆನ್ಸ್‌ನಲ್ಲಿ ಹಿನ್ನೆಲೆ ಕರಗಿಹೋಗುತ್ತದೆ, ನನಗೋ ಅದು ಓದುವಂತೆ ಕಾಣಬೇಕು. ಅದಕ್ಕೆ ಲೆನ್ಸಿಗೆ ಬೆಳಕು ಬಿಡುವ ಕಿಂಡಿಯನ್ನು ಕಿರಿದು ಮಾಡಿ, ಎಫ್ 2.8ರಿಂದ 8ಕ್ಕೆ ಹೋದೆವು. ಇದು ಮೂರು ಸ್ಟಾಪ್. ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು ಬೇಕು, ಮೂರು ಸ್ಟಾಪ್ ಎಂದರೆ ಎಂಟು ಪಟ್ಟು ಬೆಳಕು. ಎರಡು ಸ್ಟಾಪನ್ನು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ರಿಂದ 3200ಕ್ಕೆ ಏರಿಸಿ ಪಡೆದೆವು, ಉಳಿದ ಒಂದಕ್ಕೆ ಲೈಟ್ ಬಾಡಿಗೆ ತಂದೆವು. ನೆರಳಿನಲ್ಲಿ ಸ್ವಲ್ಪ ನಾಯ್ಸ್, ಅಂದರೆ ಚಿತ್ರದಲ್ಲಿ ಕಾಳುಕಾಳು, ಬಂತು. ತೆಗೆಯಬೇಡಿ ಎಂದೆ. ಆ ಕೋಣೆಗೆ ಅದು ಒಪ್ಪುತ್ತದೆ.

ಅತಿ ಕಡಿಮೆ ಖರ್ಚಿನಲ್ಲಿ ಅತಿ ಜಾಸ್ತಿ ಕೆಲಸ ಮಾಡಿದ್ದು ಗಿಡಗಳು. ಇದು ನನಗೆ ತುಂಬಾ ಇಷ್ಟವಾದ ಭಾಗ. ಕಿಟಕಿ ಪಕ್ಕದ ಗಿಡ ಬೆಳಕಿನ ಕಡೆ ವಾಲುತ್ತದೆ. ನಾಲ್ಕನೇ ಭೇಟಿಯಲ್ಲಿ ಅವನು ನೀರು ಹಾಕಿದ ಮೇಲೆ ಕುಂಡವನ್ನು ಮೆಲ್ಲಗೆ ತಿರುಗಿಸಿಡುತ್ತಾನೆ, ಎಲೆಗಳು ಕುರ್ಚಿಯಲ್ಲಿ ಕೂತ ತನ್ನ ಕಡೆ ನೋಡುವ ಹಾಗೆ. ಅವಳು ಬಂದು, ಗಮನವೇ ಇಲ್ಲದೆ, ಮತ್ತೆ ಕಿಟಕಿಗೆ ತಿರುಗಿಸುತ್ತಾಳೆ. ಅವನು ಬಂದು ನೋಡುತ್ತಾನೆ. ಕುಂಡದ ಅಂಚನ್ನು ಹಿಡಿದ ಬೆರಳು ಬಿಳಿಚಿಕೊಳ್ಳುತ್ತದೆ. ಅಷ್ಟೇ. ಸಿನಿಮಾದಲ್ಲಿ ಅವನ ಸಿಟ್ಟು ಕಾಣುವುದು ಆ ಒಂದೇ ಜಾಗದಲ್ಲಿ. ಇದಕ್ಕಾಗಿ ಒಂದೇ ಜಾತಿಯ ಎರಡು ಸೆಟ್ ಗಿಡ ತಂದು, ಒಂದನ್ನು ಕಿಟಕಿಗೆ ಮುಖಮಾಡಿ, ಇನ್ನೊಂದನ್ನು ಕಿಟಕಿಗೆ ಬೆನ್ನು ಮಾಡಿ ಇಟ್ಟು ಶೂಟಿಂಗಿಗೆ ಎರಡು ಮೂರು ವಾರ ಮುಂಚಿನಿಂದಲೇ ಬೆಳೆಸಿದೆವು.

ಬರೆಯುವಾಗ ಸಹಾಯವಾದದ್ದು ಕ್ಲೆರಾಂಬೊ ಎಂಬ ಫ್ರೆಂಚ್ ಮನೋವೈದ್ಯ 1921ರಲ್ಲಿ ವಿವರಿಸಿದ ಒಂದು ಸ್ಥಿತಿ. ಅದರಲ್ಲಿ ಇರುವವರು "ನಾನು ಅವಳನ್ನು ಪ್ರೀತಿಸುತ್ತೇನೆ" ಎನ್ನುವುದಕ್ಕಿಂತ "ಅವಳೇ ನನ್ನನ್ನು ಮೊದಲು ಪ್ರೀತಿಸಿದ್ದು" ಎಂದು ನಂಬಿರುತ್ತಾರೆ. ಇದನ್ನು ಓದಿದ ಮೇಲೆ ಅವನ ಬಾಯಲ್ಲಿದ್ದ ಪ್ರೀತಿಯ ಮಾತೆಲ್ಲಾ ಹೊಡೆದುಹಾಕಿದೆ. ಈಗ ಅವನು ಹೇಳುವುದು "ಗಿಡ ಒಣಗಿದರೆ ಅವರಿಗೆ ಬೇಜಾರಾಗುತ್ತೆ" ಎಂದು. "ಅವರು ನನಗೇ ಅಂತ ಬಾಗಿಲ ಬಳಿ ಲೈಟ್ ಹಾಕಿಟ್ಟು ಹೋಗಿದ್ದಾರೆ" ಎಂದು. ಡಾಕ್ಟರ್ ಬಂದು ಕಾಯಿಲೆಯ ಹೆಸರು ಹೇಳುವ ಸೀನ್ ಬೇಕು ಎಂದು ಒತ್ತಡ ಇತ್ತು. ಹಾಕಲಿಲ್ಲ. ಮನಸ್ಸಿನ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರಿಗೂ ತೊಂದರೆ ಕೊಡುವವರಲ್ಲ. ಅವರ ಮೇಲೆ ಇನ್ನೊಂದು ಹಣೆಪಟ್ಟಿ ಅಂಟಿಸುವ ಸಿನಿಮಾ ನನಗೆ ಬೇಡ.

ಕ್ಲೈಮ್ಯಾಕ್ಸ್ ಬಗ್ಗೆಯೂ ಜಗಳ ಆಯಿತು. 1987ರ 'ಫೇಟಲ್ ಅಟ್ರಾಕ್ಷನ್' ಪ್ರಿವ್ಯೂ ನೋಡಿದ ಜನಕ್ಕೆ ಮೊದಲಿನ ಅಂತ್ಯ ಹಿಡಿಸದೆ, ಹೊಡೆದಾಟದ ಅಂತ್ಯವನ್ನು ಹೊಸದಾಗಿ ಶೂಟ್ ಮಾಡಿದ್ದರು. ಪ್ರೊಡ್ಯೂಸರ್ ಇದನ್ನೇ ಹಿಡಿದು, ನಮಗೂ ಅಂಥದ್ದೊಂದು ಇರಲಿ ಎಂದರು. ಶೂಟಿಂಗ್ ಬಜೆಟ್ಟಿನ ಐದನೇ ಒಂದು ಪಾಲು ಅದಕ್ಕೇ ಬೇಕಿತ್ತು. ಮೊದಲು ರಫ್ ಕಟ್ (ಮೊದಲ ಕಚ್ಚಾ ಎಡಿಟ್) ತೋರಿಸೋಣ, ಜನ ಕೇಳಿದರೆ ನಾನೇ ಶೂಟ್ ಮಾಡಿಕೊಡುತ್ತೇನೆ ಎಂದು ಒಪ್ಪಿಸಿದೆ.

ಸಿನಿಮಾಕ್ಕೆ ಸಂಬಂಧವೇ ಇಲ್ಲದ ನಲವತ್ತು ಜನರನ್ನು ಕೂರಿಸಿದೆವು. ಆಗಿನ್ನೂ ಬಿಜಿಎಂ (ಹಿನ್ನೆಲೆ ಸಂಗೀತ) ಇಲ್ಲ, ಬಣ್ಣ ತಿದ್ದಿದ್ದೂ ಆಗಿಲ್ಲ. ಐದನೇ ಭೇಟಿ ಬರುವಷ್ಟರಲ್ಲಿ ಕೆಮ್ಮು, ಫೋನು ಎಲ್ಲಾ ನಿಂತಿತ್ತು. ಮುಗಿದ ಮೇಲೆ ಒಬ್ಬರು ಕೇಳಿದರು, "ಸಿನಿಮಾ ಮುಂದೆ ಹೋದ ಹಾಗೆ ಕೋಣೆ ಚಿಕ್ಕದು ಮಾಡಿದ್ರಲ್ಲ, ಎಷ್ಟು ಸೆಟ್ ಹಾಕಿದ್ರಿ?" ಪಕ್ಕದವರು ಇಲ್ಲ, ಕಿಟಕಿ ದೊಡ್ಡದು ಮಾಡಿದ್ದಾರೆ ಎಂದು ವಾದಕ್ಕೆ ಕೂತರು. ಲೆನ್ಸ್ ಎಂದು ಒಬ್ಬರೂ ಹೇಳಲಿಲ್ಲ. ಹೊಡೆದಾಟ ಬೇಕಿತ್ತು ಎಂದವರು ಮೂರು ನಾಲ್ಕು ಜನ. ನಾನು ಪ್ರೊಡ್ಯೂಸರ್ ಕಡೆ ನೋಡಿದೆ. ಅವರು ನಕ್ಕುಬಿಟ್ಟರು. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಸಂಬಳ ಆ ನಗು.

ಉಳಿದ ದುಡ್ಡು ಪೂರ್ತಿ ಸೌಂಡಿಗೆ ಹಾಕಿದೆ. ಹಿನ್ನೆಲೆ ಸಂಗೀತ ಕೊನೆಗೂ ಹಾಕಲಿಲ್ಲ. ಫ್ಲ್ಯಾಟಿನ ರೂಮ್ ಟೋನ್ (ಯಾರೂ ಮಾತಾಡದಾಗ ಕೋಣೆಯಲ್ಲಿ ಕೇಳುವ ಸದ್ದು) ಹಗಲು ರಾತ್ರಿ ಬೇರೆ ಬೇರೆ ಹೊತ್ತಿನಲ್ಲಿ ಹಿಡಿದು ತಂದಿದ್ದೆವು. ಪ್ರತಿ ಭೇಟಿಗೂ ಹೊರಗಿನ ಒಂದೊಂದೇ ಶಬ್ದ ತೆಗೆಯುತ್ತಾ ಹೋದೆ: ಮೊದಲು ಗಾಡಿಗಳು, ಆಮೇಲೆ ಮಕ್ಕಳು, ಆಮೇಲೆ ಹಕ್ಕಿ. ಕೊನೆಗೆ ಫ್ರಿಜ್ಜಿನ ಗುಂಯ್ ಮಾತ್ರ. ಅದರ ಅಡಿಯಲ್ಲಿ ಇನ್ನೊಂದು ಶಬ್ದ ಇದೆ. ಅದೇನೆಂದು ಮಿಕ್ಸಿಂಗ್ ಎಂಜಿನಿಯರ್‌ಗೆ, ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಇದೇ ದಾರಿ ಹಿಡಿಯುವವರು ಒಂದನ್ನು ಮೊದಲೇ ಬಜೆಟ್ಟಿನಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಆ ಗುಂಯ್ ಇದ್ದದ್ದು 50 ಹರ್ಟ್ಜ್ ಆಸುಪಾಸಿನಲ್ಲಿ. ಥಿಯೇಟರ್‌ನಲ್ಲಿ ಎದೆಗೇ ತಾಗುತ್ತಿತ್ತು, ಫೋನಿನಲ್ಲಿ ಪೂರ್ತಿ ಮಾಯ. ಚಿಕ್ಕ ಸ್ಪೀಕರ್‌ಗೆ ಅಷ್ಟು ಕೆಳಗಿನ ಸ್ವರ ಹೊರಡಿಸಲು ಆಗುವುದಿಲ್ಲ. ಅದಕ್ಕೆ ಎರಡನೇ ಮಿಕ್ಸ್ ಮಾಡಿಸಿ, ಅದೇ ಶಬ್ದದ 300, 400 ಹರ್ಟ್ಜ್‌ನ ಹಾರ್ಮೋನಿಕ್‌ಗಳನ್ನು (ಅದರ ಜೊತೆಗೇ ಬರುವ ಮೇಲಿನ ಸ್ವರಗಳನ್ನು) ಎತ್ತಿಕೊಟ್ಟೆವು. ಸ್ಟುಡಿಯೋದಲ್ಲಿ ಎರಡು ದಿನದ ಖರ್ಚು ಜಾಸ್ತಿ ಆಯಿತು. ಈಗ ಫೋನಿನಲ್ಲಿ ನೋಡಿದವರೂ ಆರನೇ ಭೇಟಿಯಲ್ಲಿ ತಾವೇ ವಾಲ್ಯೂಮ್ ಕಡಿಮೆ ಮಾಡಿಕೊಂಡದ್ದಾಗಿ ಹೇಳುತ್ತಿದ್ದಾರೆ.