ದೊಡ್ಡ ತೊಟ್ಟಿಗೆ ಹಾಕಿದ ಸ್ಪಿರುಲಿನಾ ಹಳದಿಯಾದಾಗ

20 ಲೀಟರ್ ಕ್ಯಾನಿನಲ್ಲಿ ಸ್ಪಿರುಲಿನಾ (ತಿನ್ನೋಕೆ ಬೆಳೆಸುವ ಒಂದು ಬಗೆಯ ಪಾಚಿ) ಕಡು ಹಸಿರಾಗಿ ಬೆಳೆದಿತ್ತು. ಅದೇ ಧೈರ್ಯದಲ್ಲಿ ಅಷ್ಟನ್ನೂ ಒಂದೇ ಸಲ 1000 ಲೀಟರ್ ತೊಟ್ಟಿಗೆ ಸುರಿದೆ. ಮೂರನೇ ದಿನಕ್ಕೆ ನೀರು ಹಳದಿ. ಮೇಲೆ ನೊರೆ, ಜೊತೆಗೆ ಕೆಟ್ಟ ವಾಸನೆ.

ಪೋಷಕಾಂಶ ಸಾಲದೇನೋ ಅಂತ ಇನ್ನಷ್ಟು ಹಾಕಿದೆ. ಏನೂ ಆಗಲಿಲ್ಲ. ತೊಂದರೆ ಇದ್ದದ್ದು ಬಿಸಿಲಿನಲ್ಲಿ. ದಟ್ಟವಾಗಿದ್ದಾಗ ಪಾಚಿಯ ಎಳೆಗಳು ಒಂದಕ್ಕೊಂದು ನೆರಳಾಗುತ್ತವೆ. ಐವತ್ತು ಪಟ್ಟು ತೆಳುವಾದಾಗ ಪ್ರತಿ ಎಳೆಗೂ ನೇರ ಬಿಸಿಲು ಬಡಿಯುತ್ತದೆ, ಅದರ ಬಣ್ಣವೇ ಹಾಳಾಗುತ್ತದೆ.

ಆ ತೊಟ್ಟಿಯನ್ನು ಪೂರ್ತಿ ಚೆಲ್ಲಿದೆ. ಜನ ತಿನ್ನುವ ವಸ್ತು, ಅಲ್ವಾ? ಸ್ವಲ್ಪ ಉಳಿಸಿಕೊಳ್ಳೋಣ ಅನ್ನುವ ಆಸೆ ಬೇಡ.

ಹೊಸ ಬೀಜ, ಅಂದರೆ ಬೆಳೆಸೋಕೆ ಬೇಕಾದ ಜೀವಂತ ಪಾಚಿ, ತಂದು ಮತ್ತೆ ಶುರು ಮಾಡಿದೆ. 20 ಲೀಟರ್‌ನಿಂದ 80, 80ರಿಂದ 300, ಆಮೇಲೆ 1000. ಪ್ರತಿ ಸಲವೂ ದಟ್ಟವಾಗುವವರೆಗೆ ಕಾದೆ. ಅಳೆಯೋಕೆ ಕೋಲಿನ ತುದಿಗೆ ಒಂದು ಬಿಳಿ ಮುಚ್ಚಳ ಸಿಕ್ಕಿಸಿ ಮುಳುಗಿಸುತ್ತಿದ್ದೆ. 3-4 ಸೆಂ.ಮೀ.ಗೇ ಮುಚ್ಚಳ ಕಾಣದಾದರೆ ಮುಂದಿನ ಹಂತ. ಹಿಗ್ಗಿಸಿದ ಮೊದಲ ದಿನಗಳಲ್ಲಿ ಮೇಲೆ ನೆರಳು ಬಲೆ ಕಟ್ಟಿದೆ. ಆಳ 20 ಸೆಂ.ಮೀ. ಮೀರಿಸಲಿಲ್ಲ, ಹಗಲಿಡೀ ಕಲಕುವ ಚಕ್ರ ಓಡಿಸಿದೆ.

ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಕೂಡ ಮುಖ್ಯ. ಅಡುಗೆ ಸೋಡಾ ಹಾಕಿದ ಹೊಸ ನೀರು ಸುಮಾರು 8.5 ಇರುತ್ತದೆ, ಬೇರೆ ಪಾಚಿ ನುಗ್ಗೋಕೆ ಅದು ಸಾಕು. ಸ್ಪಿರುಲಿನಾ ಬೆಳೆದಂತೆ 10ರ ಹತ್ತಿರ ಬಂತು, ಅಲ್ಲಿ ಬೇರೆ ಪಾಚಿಗೆ ಬೆಳೆಯೋದು ಕಷ್ಟ. ಈಗ ಕೊಯ್ಲಿಗೆ ಮುಂಚೆ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಸುರುಳಿ ಎಳೆಗಳ ನಡುವೆ ಬೇರೇನಾದರೂ ಕಂಡರೆ ಒಣಗಿಸುವುದಿಲ್ಲ.