ಪೇಪರ್ ಒಪ್ಪಿಗೆಯಾದ ದಿನವೇ ಲೈಬ್ರರಿಗೆ ಕಳಿಸಿ

ಜರ್ನಲ್‌ನಿಂದ ‘ನಿಮ್ಮ ಸಂಶೋಧನಾ ಪೇಪರ್ ಒಪ್ಪಿಗೆಯಾಗಿದೆ’ ಅಂತ ಮೇಲ್ ಬಂತಲ್ಲ, ಆವತ್ತೇ ಒಂದು ಕೆಲಸ ಮಾಡಿ. ಕೊನೆಯ ಸಲ ತಿದ್ದಿ ಕಳಿಸಿದ ವರ್ಡ್ ಫೈಲ್ ಇರುತ್ತದಲ್ಲ, ಅದನ್ನು ಹಾಗೇ ಲೈಬ್ರರಿಗೆ ಫಾರ್ವರ್ಡ್ ಮಾಡಿ. ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ.

ನಾನು ಶಿವಮೊಗ್ಗ ಜಿಲ್ಲೆಯ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿದ್ದೇನೆ. ಅಧ್ಯಾಪಕರ ಬರಹಗಳನ್ನು ರೆಪಾಸಿಟರಿಗೆ ಸೇರಿಸುವುದು ನನ್ನ ಪಾಲಿನ ಕೆಲಸ. ರೆಪಾಸಿಟರಿ ಅಂದರೆ ವಿಶ್ವವಿದ್ಯಾಲಯದ್ದೇ ಆದ ಆನ್‌ಲೈನ್ ಭಂಡಾರ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ, ಯಾರು ಬೇಕಾದರೂ ತೆರೆದು ಓದಬಹುದು. ನಮ್ಮಲ್ಲಿ ನಡೆಯುವ ಸಂಶೋಧನೆ ಬಹುಪಾಲು ಈ ನೆಲದ್ದೇ. ಅಡಿಕೆಯ ಎಲೆಚುಕ್ಕೆ ರೋಗ, ಕೊಳೆರೋಗ, ತುಂಗೆ ಭದ್ರೆಯ ನೀರು, ಕೆಳದಿಯ ಇತಿಹಾಸ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತು ಇವತ್ತಿಗೂ ಆ ರೋಗವನ್ನು ಆ ಕಾಡಿನ ಹೆಸರಿನಲ್ಲೇ ಕರೆಯುತ್ತದೆ. ಅದರ ಮೇಲಿನ ಪೇಪರ್ ಒಂದನ್ನು ಸಾಗರದ ಡಾಕ್ಟರ್ ಓದಲು ಹೋದರೆ ಪರದೆಯ ಮೇಲೆ ಡಾಲರ್ ಲೆಕ್ಕ ಬರುತ್ತದೆ ಅಂದರೆ ನನಗೆ ಸಂಕಟವಾಗುತ್ತದೆ. ನಮ್ಮ ಕಾಡು, ನಮ್ಮ ತೋಟ, ನಮ್ಮ ಜನರ ಮೇಲೆ ಬರೆದದ್ದು ಮೊದಲು ನಮ್ಮವರಿಗೆ ಸಿಗಬೇಕು ಅಲ್ವಾ?

‘ಒಂದು ದೇಶ ಒಂದು ಚಂದಾ ಬಂದಿದೆಯಲ್ಲ ಮೇಡಂ, ಇನ್ನೇನು ಚಿಂತೆ’ ಅಂತ ಕೇಳುವವರಿದ್ದಾರೆ. ಕೇಂದ್ರ ಸರ್ಕಾರವೇ ಚಂದಾ ಕಟ್ಟಿ ಜರ್ನಲ್ ಓದಲು ಕೊಡುವ ಈ ಯೋಜನೆ ನಿಜಕ್ಕೂ ದೊಡ್ಡದು. 2025ರ ಜನವರಿಯಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪಬ್ಲಿಷರ್‌ಗಳ ಸುಮಾರು 13,000 ಜರ್ನಲ್. ಆದರೆ ಅದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ. ಹೊಸನಗರದ ಬೆಳೆಗಾರರಿಗೆ, ಖಾಸಗಿ ಕಾಲೇಜಿನ ಮೇಷ್ಟ್ರಿಗೆ, ಪತ್ರಕರ್ತರಿಗೆ ಅದರಿಂದ ಬಾಗಿಲು ತೆರೆಯುವುದಿಲ್ಲ. ನಾವು ಓದುವ ವ್ಯವಸ್ಥೆ ಅದು. ನಾವು ಬರೆದದ್ದನ್ನು ಹಂಚುವ ಕೆಲಸವನ್ನು ನಾವೇ ಮಾಡಬೇಕು.

ಈಗ ಆ ವರ್ಡ್ ಫೈಲಿನ ವಿಷಯ. ಒಂದು ಪೇಪರಿಗೆ ಮೂರು ರೂಪ ಇರುತ್ತದೆ. ಜರ್ನಲ್‌ಗೆ ಮೊದಲು ಕಳಿಸಿದ ಪ್ರತಿ ಒಂದು. ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ವಿಮರ್ಶಕರು ಹೇಳಿದಂತೆ ತಿದ್ದಿ, ಒಪ್ಪಿಗೆಯಾದ ಪ್ರತಿ ಎರಡನೆಯದು. ಪಬ್ಲಿಷರ್ ಅಚ್ಚುಕಟ್ಟಾಗಿ ಪುಟ ಜೋಡಿಸಿ, ಲೋಗೋ ಹಾಕಿ ಕೊಡುವ ಪಿಡಿಎಫ್ ಮೂರನೆಯದು. ನಮ್ಮವರು ತಂದುಕೊಡುವುದು ಹೆಚ್ಚಾಗಿ ಮೂರನೆಯದನ್ನೇ. ದುಡ್ಡು ಕೊಟ್ಟು ಓದಬೇಕಾದ ಚಂದಾ ಜರ್ನಲ್ ಆದರೆ ಅದನ್ನು ಹಂಚುವ ಅನುಮತಿ ಸಾಮಾನ್ಯವಾಗಿ ಇರುವುದಿಲ್ಲ. ಎರಡನೆಯದನ್ನು ಹಂಚಲು ದೊಡ್ಡ ಪಬ್ಲಿಷರ್‌ಗಳಲ್ಲಿ ಬಹಳಷ್ಟು ಜನ ಒಪ್ಪುತ್ತಾರೆ. ಡಬಲ್ ಸ್ಪೇಸ್, ಪಕ್ಕದಲ್ಲಿ ಸಾಲಿನ ನಂಬರ್, ಚಿತ್ರಗಳೆಲ್ಲ ಕೊನೆಯಲ್ಲಿ, ಅಲ್ಲಲ್ಲಿ ಹಳದಿ ಗುರುತು, ಹೀಗಿರುತ್ತದೆ ಆ ಫೈಲ್. ‘ಇದು ನೋಡೋಕೆ ಚೆನ್ನಾಗಿಲ್ಲ ಮೇಡಂ, ಹಾಕಬೇಡಿ’ ಅನ್ನುತ್ತಾರೆ. ದಯವಿಟ್ಟು ಹಾಗನ್ನಬೇಡಿ. ಒಳಗಿನ ವಿಷಯ ಅದೇ, ಅಂಕಿಅಂಶ ಅದೇ, ವಿಮರ್ಶಕರ ಒಪ್ಪಿಗೆಯೂ ಸಿಕ್ಕಿದೆ. ಸಾಲಿನ ನಂಬರ್, ಬಣ್ಣದ ಗುರುತು ತೆಗೆದು, ಚಿತ್ರಗಳನ್ನು ಅವುಗಳ ಜಾಗಕ್ಕೆ ತಂದು, ಮೇಲೆ ಒಂದು ಹಾಳೆ ಸೇರಿಸುತ್ತೇವೆ. ಅಚ್ಚಾದ ರೂಪ ಯಾವ ಜರ್ನಲ್‌ನಲ್ಲಿದೆ, ಅದರ ಡಿಒಐ (ಪೇಪರಿನ ಕಾಯಂ ಆನ್‌ಲೈನ್ ಗುರುತಿನ ಸಂಖ್ಯೆ) ಏನು ಅಂತ ಅದರಲ್ಲಿ ಬರೆದಿರುತ್ತದೆ.

ಈ ಫೈಲ್ ಕಳೆದುಹೋಗುವುದು ಬೇಗ. ಕರೆಸ್ಪಾಂಡಿಂಗ್ ಆಥರ್, ಅಂದರೆ ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಲೇಖಕರು, ನಿಮ್ಮ ಪಿಎಚ್‌ಡಿ ವಿದ್ಯಾರ್ಥಿಯಾಗಿದ್ದು, ಅವರು ಪದವಿ ಮುಗಿಸಿ ಬೆಂಗಳೂರಿಗೆ ಹೋದರೆ ಫೈಲೂ ಅವರ ಲ್ಯಾಪ್‌ಟಾಪ್ ಜೊತೆ ಹೋಯಿತು. ಆಗ ಜರ್ನಲ್‌ನ ಸಬ್ಮಿಷನ್ ಸೈಟ್‌ಗೆ ಹಳೆಯ ಪಾಸ್‌ವರ್ಡ್ ಹಾಕಿ ನೋಡಿ. ಕೊನೆಯ ಪ್ರತಿ ಬಹಳ ಕಾಲ ಅಲ್ಲಿರುತ್ತದೆ. ಒಪ್ಪಿಗೆಯ ದಿನವೇ ಕಳಿಸಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಯಾವ ಜರ್ನಲ್ ಏನನ್ನು ಹಂಚಲು ಬಿಡುತ್ತದೆ ಅಂತ ನೀವು ಸಣ್ಣ ಅಕ್ಷರದ ನಿಯಮ ಓದುತ್ತಾ ಕೂರಬೇಕಿಲ್ಲ. ಶೆರ್ಪಾ ರೋಮಿಯೋ ಅಂತ ಒಂದು ಸೇವೆ ಇತ್ತು, ಈಗ ಅದರ ಹೆಸರು ಓಪನ್ ಪಾಲಿಸಿ ಫೈಂಡರ್. ಜರ್ನಲ್ ಹೆಸರು ಕೊಟ್ಟರೆ ಯಾವ ಪ್ರತಿ, ಎಲ್ಲಿ, ಎಷ್ಟು ತಿಂಗಳ ನಂತರ ಹಾಕಬಹುದು ಅಂತ ತೋರಿಸುತ್ತದೆ. ಆ ಕಾಯುವ ಅವಧಿಗೆ ಎಂಬಾರ್ಗೊ ಅನ್ನುತ್ತಾರೆ. ಆರು ತಿಂಗಳು, ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷವೂ ಇರುತ್ತದೆ. ಅಲ್ಲಿಯವರೆಗೆ ಫೈಲನ್ನು ನೀವು ಇಟ್ಟುಕೊಳ್ಳುವುದು ಬೇಡ. ಈಗಲೇ ಕೊಡಿ, ತಾರೀಕು ನಮೂದಿಸಿ ಬೀಗ ಹಾಕಿಡುತ್ತೇವೆ. ಶೀರ್ಷಿಕೆ ಮತ್ತು ಸಾರಾಂಶ ಕೂಡಲೇ ಕಾಣುತ್ತದೆ, ಪೂರ್ತಿ ಪೇಪರ್ ಆ ದಿನ ತಾನಾಗಿ ತೆರೆದುಕೊಳ್ಳುತ್ತದೆ.

ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಅಥವಾ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಹಣದಲ್ಲಿ ಪ್ರಾಜೆಕ್ಟ್ ಮಾಡಿದವರಿಗೆ ಇದು ಇಷ್ಟದ ಮಾತಷ್ಟೇ ಅಲ್ಲ. ಒಪ್ಪಿಗೆಯಾದ ಎರಡು ವಾರದೊಳಗೆ ಪ್ರತಿಯನ್ನು ರೆಪಾಸಿಟರಿಗೆ ಕೊಡಬೇಕು ಅಂತ ಅವರ 2014ರ ನೀತಿಯಲ್ಲೇ ಇದೆ. ಭಾರತೀಯ ಕೃಷಿ ಸಂಶೋಧನಾ ಮಂಡಳಿ (ಐಸಿಎಆರ್) ಕೂಡ 2013ರಲ್ಲೇ ಇಂಥ ನೀತಿ ತಂದಿದೆ. ಕೃಷಿ ವಿಜ್ಞಾನದವರಿಗೆ ಕೃಷಿಕೋಶ ಅನ್ನುವ ಭಂಡಾರವಿದೆ.

ಪಬ್ಲಿಷರ್ ಕಳಿಸುವ ಕಾಪಿರೈಟ್ ಫಾರ್ಮ್‌ಗೆ ಸಹಿ ಹಾಕುವ ಮೊದಲು ಒಂದು ಸಲ ಬನ್ನಿ, ಇಲ್ಲವೇ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ. ‘ಒಪ್ಪಿಗೆಯಾದ ಪ್ರತಿಯನ್ನು ನನ್ನ ಸಂಸ್ಥೆಯ ರೆಪಾಸಿಟರಿಯಲ್ಲಿ ಇಡುವ ಹಕ್ಕು ನನಗಿರಲಿ’ ಎಂಬ ಒಂದು ಸಾಲು ಸೇರಿಸಿ ಕಳಿಸಬಹುದು. ಕೇಳಿದರೆ ಪಬ್ಲಿಷರ್ ಕೋಪಿಸಿಕೊಳ್ಳುವುದಿಲ್ಲ, ಕೇಳಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಕೂಡ ಗೊತ್ತಿರಲಿ. ಬರೆದು ಸಹಿ ಹಾಕಿಕೊಡದೆ ಹಕ್ಕು ಇನ್ನೊಬ್ಬರಿಗೆ ಹೋಗುವುದಿಲ್ಲ. ಎಷ್ಟು ವರ್ಷಕ್ಕೆ ಕೊಟ್ಟದ್ದು ಅಂತ ಬರೆದಿಲ್ಲದಿದ್ದರೆ ಐದು ವರ್ಷ ಅಂತ ಕಾನೂನು ಹಿಡಿಯುತ್ತದೆ.

ಪೇಪರನ್ನು ಎಲ್ಲರೂ ಪುಕ್ಕಟೆ ಓದುವಂತೆ ತೆರೆದಿಡುವುದಕ್ಕೆ ಓಪನ್ ಆಕ್ಸೆಸ್ ಅನ್ನುತ್ತಾರೆ. ‘ಓಪನ್ ಆಕ್ಸೆಸ್ ಮಾಡಬೇಕು ಅಂದರೆ ಲಕ್ಷಗಟ್ಟಲೆ ಕಟ್ಟಬೇಕಲ್ಲ’ ಎಂಬ ಭಯ ಬಿಡಿ. ಮೇಲೆ ಹೇಳಿದ ದಾರಿಗೆ ಒಂದು ರೂಪಾಯಿಯೂ ಬೇಡ. ಲೇಖಕರಿಂದಲೂ ಓದುಗರಿಂದಲೂ ದುಡ್ಡು ಕೇಳದ ಜರ್ನಲ್‌ಗಳೂ ಇವೆ. ಓಪನ್ ಆಕ್ಸೆಸ್ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲಿ ಶುಲ್ಕವಿಲ್ಲದವನ್ನೇ ಬೇರೆ ಮಾಡಿ ನೋಡಬಹುದು, ನಿಮ್ಮ ವಿಷಯ ಹೇಳಿದರೆ ನಾವೇ ಹುಡುಕಿಕೊಡುತ್ತೇವೆ. ಅದೇ ಹೊತ್ತಿಗೆ ಮೋಸದ ಜರ್ನಲ್ ಬಗ್ಗೆ ಎಚ್ಚರ ಇರಲಿ. ಯುಜಿಸಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಮೇಲೆ ಪರೀಕ್ಷಿಸುವ ಹೊಣೆ ನಮ್ಮ ಮೇಲೇ ಬಿದ್ದಿದೆ. ಮೂರೇ ದಿನದಲ್ಲಿ ಪ್ರಕಟಣೆ, ಒಬ್ಬ ವ್ಯಕ್ತಿಯ ಯುಪಿಐಗೆ ಹಣ, ಹೀಗೆಲ್ಲ ಇದ್ದರೆ ಆ ಇಮೇಲನ್ನು ನಮಗೆ ಕಳಿಸಿ, ಉತ್ತರ ಬರೆಯಬೇಡಿ.

ನಿಮ್ಮ ಬರಹವನ್ನು ಬೇರೆಯವರು ಹೇಗೆ ಬಳಸಬಹುದು ಅಂತ ಹೇಳುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಆರಿಸುವಾಗ ಒಂದು ಮಾತು. ‘ಬದಲಾವಣೆ ಕೂಡದು’ ಎಂಬ ಷರತ್ತು ಸುರಕ್ಷಿತ ಅನಿಸುತ್ತದೆ. ಆದರೆ ಅನುವಾದವೂ ಬದಲಾವಣೆಯೇ. ಆ ಷರತ್ತು ಹಾಕಿದರೆ ನಿಮ್ಮ ಪೇಪರನ್ನು ಕನ್ನಡಕ್ಕೆ ತಂದು ಹಂಚಲು ಪ್ರತಿಯೊಬ್ಬರೂ ನಿಮ್ಮನ್ನೇ ಕೇಳಬೇಕಾಗುತ್ತದೆ. ಹೆಸರು ಹೇಳಿ ಬಳಸಿ ಎನ್ನುವ ಸಿಸಿ ಬೈ ಸಾಕು ಎಂಬುದು ನನ್ನ ಅಭಿಪ್ರಾಯ.

ಕನ್ನಡ, ಇತಿಹಾಸ, ಸಮಾಜಶಾಸ್ತ್ರ ವಿಭಾಗದವರ ಜೊತೆ ನನ್ನ ಸಮಯ ಜಾಸ್ತಿ ಹೋಗುವುದು ಬೇರೆ ಕಾರಣಕ್ಕೆ. ಅವರ ಫೈಲುಗಳು ಹಳೆಯ ‘ನುಡಿ’ ಅಥವಾ ‘ಬರಹ’ ಎಂಬ ಟೈಪಿಂಗ್ ತಂತ್ರಾಂಶದಲ್ಲಿ, ಎಲ್ಲ ಕಂಪ್ಯೂಟರಿಗೂ ಗೊತ್ತಾಗುವ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಇರುತ್ತವೆ. ಪಿಡಿಎಫ್ ತೆರೆದರೆ ಕಣ್ಣಿಗೆ ಚೊಕ್ಕ ಕನ್ನಡ. ಅದರೊಳಗೆ ‘ಕೆಳದಿ’ ಅಂತ ಹುಡುಕಿ ನೋಡಿ, ಒಂದೂ ಸಿಗುವುದಿಲ್ಲ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ರೋಮನ್ ಅಕ್ಷರ, ಚಿಹ್ನೆಗಳ ಗೋಜಲು ಬೀಳುತ್ತದೆ. ಕಂಪ್ಯೂಟರಿಗೆ ಅದು ಕನ್ನಡವೇ ಅಲ್ಲ. ಗೂಗಲ್‌ಗೂ ಅಷ್ಟೇ. ಇಡೀ ಪ್ರಬಂಧ ಬೀರುವಿನೊಳಗೆ ಬೀಗ ಹಾಕಿಟ್ಟಂತೆ. ಯುಜಿಸಿಯ 2009ರ ನಿಯಮದ ನಂತರ ಪಿಎಚ್‌ಡಿ ಪ್ರಬಂಧಗಳು ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರಕ್ಕೆ ಸೇರುತ್ತಿವೆ. ಆದರೂ ಈ ಕಾರಣಕ್ಕೇ ಕನ್ನಡದ ಎಷ್ಟೋ ಒಳ್ಳೆಯ ಪ್ರಬಂಧಗಳು ಹುಡುಕಿದವರಿಗೆ ಸಿಗುತ್ತಿಲ್ಲ.

ಪರಿಹಾರ ಕಷ್ಟದ್ದಲ್ಲ. ಪಿಡಿಎಫ್ ಬೇಡ, ಮೂಲ ವರ್ಡ್ ಫೈಲ್ ತನ್ನಿ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ಬದಲಿಸುತ್ತೇವೆ. ಆಮೇಲೆ ಬರೆದವರೇ ಕೂತು ಒಮ್ಮೆ ಓದಬೇಕು. ಅರ್ಕಾವತ್ತು ಜಾಗ ತಪ್ಪಿರುತ್ತದೆ, ಮೂರು ವ್ಯಂಜನ ಕೂಡಿದ ಒತ್ತಕ್ಷರ ಒಡೆದಿರುತ್ತದೆ, ನಡುವೆ ಇಂಗ್ಲಿಷ್‌ನಲ್ಲಿ ಬರೆದ ಪುಸ್ತಕದ ಹೆಸರುಗಳು ಅರ್ಥವಿಲ್ಲದ ಕನ್ನಡವಾಗಿ ಕೂತಿರುತ್ತವೆ. ಶಾಸನದ ಪಾಠ ಇರುವ ಪುಟಗಳನ್ನು ಹಳೆಯ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡೇ ನೋಡಬೇಕು. ಅಲ್ಲಿ ಒಂದು ಅಕ್ಷರ ಹೋದರೆ ಅರ್ಥವೇ ಹೋಯಿತು. ಇನ್ನು ಮುಂದೆ ಬರೆಯುವವರು ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಡಿಟಿಪಿ ಅಂಗಡಿಯವರಿಗೆ ಮುಂಚೆಯೇ ಹೇಳಿ.

ಹೆಸರಿನ ಗೊಂದಲವೂ ನಮ್ಮ ಕಡೆ ಹೆಚ್ಚು. ಒಂದು ಪೇಪರ್‌ನಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಊರ ಹೆಸರೇ ಸರ್‌ನೇಮ್. ಎಚ್. ಮಂಜುನಾಥ ಅಂತ ಹುಡುಕಿದರೆ ಎಷ್ಟು ಜನ ಸಿಗಬಹುದು, ನೀವೇ ಊಹಿಸಿ. ಆರ್ಕಿಡ್ (ORCID) ಅನ್ನುವ 16 ಅಂಕಿಯ ಗುರುತಿನ ನಂಬರ್ ಪುಕ್ಕಟೆ ಸಿಗುತ್ತದೆ. ಕನ್ನಡ ಲಿಪಿಯಲ್ಲಿ ನಿಮ್ಮ ಹೆಸರು, ಬೇರೆ ಬೇರೆ ಸ್ಪೆಲಿಂಗ್, ಎಲ್ಲವನ್ನೂ ಅದರಡಿ ಸೇರಿಸಬಹುದು. ಲೈಬ್ರರಿಗೆ ಬಂದು ಒಂದು ಕಾಫಿ ಕುಡಿಯುವಷ್ಟು ಹೊತ್ತು ಕೂತರೆ ಮುಗಿಯಿತು.

ದತ್ತಾಂಶವನ್ನೂ ಹಂಚಬಹುದು. ಮಳೆ ಮಾಪನದ ಎಕ್ಸೆಲ್ ಹಾಳೆ, ಮಣ್ಣಿನ ಪರೀಕ್ಷೆಯ ಫಲಿತಾಂಶ, ತೋಟದ ಫೋಟೋಗಳು, ಯಾವುದಾದರೂ ಸರಿ. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಸಂಸ್ಥೆ ನಡೆಸುವ ಝೆನೊಡೊ ಭಂಡಾರದಲ್ಲಿ ಹಾಕಿದರೆ ಅದಕ್ಕೂ ಒಂದು ಡಿಒಐ ಬರುತ್ತದೆ, ಬಳಸಿದವರು ನಿಮ್ಮ ಹೆಸರು ಉಲ್ಲೇಖಿಸಬಹುದು. ಆದರೆ ಎಲ್ಲವನ್ನೂ ತೆರೆದಿಡಬೇಡಿ. ಅಪರೂಪದ ಸೀತಾಳೆ ದಂಡೆಯೋ ಕಪ್ಪೆಯೋ ಸಿಕ್ಕ ಜಾಗದ ಜಿಪಿಎಸ್ ಅಂಕಿ, ಅವನ್ನು ಕಿತ್ತು ಮಾರುವವರ ಕೈಗೂ ಸಿಗುತ್ತದೆ. ತಾಲ್ಲೂಕಿನ ಹೆಸರಷ್ಟೇ ಸಾಕು. ಸಂದರ್ಶನ ಕೊಟ್ಟ ಜನರ ಹೆಸರು, ಫೋನ್ ನಂಬರ್ ಕೂಡ ಅಳಿಸಿ ಕೊಡಿ.

ಇಂಗ್ಲಿಷ್ ಪೇಪರ್ ಕೊಡುವ ಪ್ರತಿಯೊಬ್ಬರನ್ನೂ ನಾನು ಒಂದು ಬೇಡಿಕೆ ಇಟ್ಟು ಕಾಡುತ್ತೇನೆ. ಕನ್ನಡದಲ್ಲಿ ಹತ್ತು ಸಾಲು ಬರೆದುಕೊಡಿ ಅಂತ. ಇಂಗ್ಲಿಷ್ ಸಾರಾಂಶದ ಅನುವಾದ ಬೇಡ. ಯಾವ ಊರ ತೋಟ, ಯಾವ ತಿಂಗಳು, ಏನು ಕಂಡಿರಿ, ಏನು ಇನ್ನೂ ಗೊತ್ತಾಗಿಲ್ಲ, ಇಷ್ಟು ಸಾಕು. ಎಲೆಚುಕ್ಕೆ ರೋಗದ ಮೇಲೆ ಕೆಲಸ ಮಾಡಿದ ಒಬ್ಬ ಸರ್ ಮೊದಲು ‘ಶಿಲೀಂಧ್ರಜನ್ಯ ಪರ್ಣಚುಕ್ಕೆ’ ಅಂತ ಶುರು ಮಾಡಿದ್ದರು. ‘ನಿಮ್ಮ ತಂದೆಯವರಿಗೆ ಫೋನ್‌ನಲ್ಲಿ ಹೇಗೆ ಹೇಳ್ತೀರಿ ಸರ್, ಹಾಗೇ ಬರೀರಿ’ ಅಂದೆ. ಅವರ ತಂದೆಗೂ ಅಡಿಕೆ ತೋಟವಿದೆ. ಎರಡನೇ ಸಲ ಬರೆದದ್ದರಲ್ಲಿ ಎಲೆ, ಸೋಗೆ, ಅಡಿಕೆ ಕೊನೆ, ಮಳೆ ಎಲ್ಲ ಬಂದಿತ್ತು. ಆ ಹತ್ತು ಸಾಲನ್ನು ರೆಪಾಸಿಟರಿಯಲ್ಲಿ ಇಂಗ್ಲಿಷ್ ಸಾರಾಂಶದ ಕೆಳಗೇ ಹಾಕುತ್ತೇವೆ. ಕನ್ನಡದಲ್ಲಿ ಹುಡುಕುವವರಿಗೆ ಪೇಪರ್ ಸಿಗುವುದು ಆ ಸಾಲುಗಳಿಂದಲೇ.

ನಿವೃತ್ತರಾದ ಮೇಷ್ಟ್ರುಗಳ ಮನೆಯಲ್ಲಿ ಹಳೆಯ ಆಫ್‌ಪ್ರಿಂಟ್‌ಗಳ, ಅಂದರೆ ಲೇಖನಗಳ ಅಚ್ಚಾದ ಬಿಡಿ ಪ್ರತಿಗಳ, ಕಟ್ಟು ಇರುತ್ತದೆ. ನಿಂತುಹೋದ ಸಣ್ಣ ಪತ್ರಿಕೆಗಳ ಲೇಖನಗಳು ಬೇರೆಲ್ಲೂ ಸಿಗದೆ ಅಲ್ಲಷ್ಟೇ ಉಳಿದಿರುತ್ತವೆ. ಅವನ್ನೂ ತಂದುಕೊಡಿ. ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತೇವೆ, ಪ್ರಕಾಶಕರಿಗೆ ಅನುಮತಿ ಪತ್ರ ಬರೆಯುವುದೂ ನಮ್ಮದೇ. ತರುವುದಾದರೆ ಮಳೆ ಹಿಡಿಯುವ ಮುಂಚೆ, ಮೇ ತಿಂಗಳೊಳಗೆ ತನ್ನಿ. ತೇವಕ್ಕೆ ಅಂಟಿಕೊಂಡ ಹಾಳೆಗಳನ್ನು ಹರಿಯದಂತೆ ಬಿಡಿಸುವುದು ಬಹಳ ಕಷ್ಟ.